ನಿಮ್ಮ ನೋಟ್ಸ್ ಊರಿಗೆಲ್ಲ ಸಿಗುವ ಹಾಗೆ ಮಾಡಿ: ಪದವಿ ಕಾಲೇಜಿನ ಮೇಷ್ಟ್ರುಗಳಿಗೆ ಒಂದು ಕೈಪಿಡಿ

ಪದವಿ ಕಾಲೇಜಿನ ಪಕ್ಕದ ಜೆರಾಕ್ಸ್ ಅಂಗಡಿಗೆ ಹೋಗಿ ನೋಡಿ. ಅಲ್ಲಿ ಯಾರೋ ಒಬ್ಬರು ಮೇಷ್ಟ್ರ ನೋಟ್ಸ್ ಇರುತ್ತದೆ. ಬರೆದವರ ಹೆಸರಿಲ್ಲ, ಹತ್ತಾರು ಸಲ ಜೆರಾಕ್ಸ್ ಆಗಿ ಅಕ್ಷರ ಮಸುಕಾಗಿದೆ, ನಡುವೆ ಎರಡು ಪುಟ ಇಲ್ಲ. ಆದರೂ ಪರೀಕ್ಷೆ ಹತ್ತಿರ ಬಂದಾಗ ಹುಡುಗರು ಅದನ್ನೇ ಕೊಂಡು ಓದುತ್ತಾರೆ, ಯಾಕೆಂದರೆ ಕನ್ನಡ ಮಾಧ್ಯಮದಲ್ಲಿ ಬಿ.ಎ. ಓದುವವರಿಗೆ ತಿಳಿಯುವ ಹಾಗೆ ಬರೆದದ್ದು ಅವರ ಕೈಗೆ ಸಿಗುವುದು ಅದೊಂದೇ. ಆ ಮೇಷ್ಟ್ರಿಗೆ ವರ್ಗವಾದರೆ ಅಥವಾ ಅವರು ನಿವೃತ್ತರಾದರೆ ಹೊಸ ನೋಟ್ಸ್ ಬರುವುದು ನಿಲ್ಲುತ್ತದೆ, ಹಳೆಯದು ಇನ್ನೂ ಮಸುಕಾಗುತ್ತಾ ಹೋಗುತ್ತದೆ.

ನಾನು ಅರ್ಥಶಾಸ್ತ್ರ ಕಲಿಸುತ್ತೇನೆ. ಇಂಗ್ಲಿಷ್ ಬಲ್ಲ ವಿದ್ಯಾರ್ಥಿಗೆ ಇವತ್ತು ಬೇಕಾದ್ದೆಲ್ಲ ಫೋನಿನಲ್ಲೇ ಇದೆ. ಕನ್ನಡದಲ್ಲಿ ಓದುವವರಿಗೆ ಅಷ್ಟು ಇಲ್ಲ. ಆದರೆ ನಮ್ಮ ರಾಜ್ಯದ ನೂರಾರು ಕಾಲೇಜುಗಳ ಮೇಷ್ಟ್ರುಗಳ ಪೆನ್‌ಡ್ರೈವ್‌ಗಳಲ್ಲಿ ಒಳ್ಳೊಳ್ಳೆಯ ಕನ್ನಡ ನೋಟ್ಸ್ ಸುಮ್ನೆ ಕೂತಿವೆ. ಅವು ಹೊರಗೆ ಬರಬೇಕು, ಬಂದಮೇಲೆ ಇನ್ನೊಬ್ಬರು ತೆಗೆದುಕೊಂಡು ತಿದ್ದಿ ಬಳಸುವ ಹಾಗೂ ಇರಬೇಕು. ಅದನ್ನು ಮಾಡುವುದು ಹೇಗೆ ಅಂತ, ನಾನು ಮಾಡಿ ಕಲಿತ ಹಾಗೆ, ಇಲ್ಲಿ ಬರೆದಿದ್ದೇನೆ.

ಪುಕ್ಕಟೆ ಬೇರೆ, ಮುಕ್ತ ಬೇರೆ

ಈ ವ್ಯತ್ಯಾಸ ಮೊದಲು ಗೊತ್ತಾಗಬೇಕು. ಯೂಟ್ಯೂಬ್‌ನಲ್ಲಿ ಒಂದು ಪಾಠ ದುಡ್ಡಿಲ್ಲದೆ ನೋಡಬಹುದು. ಅದು ಪುಕ್ಕಟೆ. ಆದರೆ ಅದರ ಐದು ನಿಮಿಷ ಕತ್ತರಿಸಿ ನಿಮ್ಮ ಪಾಠಕ್ಕೆ ಸೇರಿಸಬಹುದಾ? ಅದರ ಮಾತನ್ನು ಕನ್ನಡಕ್ಕೆ ತಂದು ಹಾಕಬಹುದಾ? ಬರೆದವರು ಲೈಸೆನ್ಸ್ ಕೊಟ್ಟು ಹೇಳದಿದ್ದರೆ ಆಗುವುದಿಲ್ಲ. ಮುಕ್ತ ಪಾಠ ಅಂದರೆ ಐದು ಕೆಲಸಕ್ಕೆ ಮೊದಲೇ ಒಪ್ಪಿಗೆ ಕೊಟ್ಟಿರುವ ಪಾಠ: ಇಟ್ಟುಕೊಳ್ಳಬಹುದು, ಬಳಸಬಹುದು, ತಿದ್ದಬಹುದು, ಬೇರೆಯದರ ಜೊತೆ ಸೇರಿಸಬಹುದು, ಹಂಚಬಹುದು. ಅಮೆರಿಕದ ಎಂಐಟಿ ತನ್ನ ಕೋರ್ಸುಗಳ ಪಾಠಗಳನ್ನು ಎಲ್ಲರಿಗೂ ಕೊಡುತ್ತೇವೆ ಅಂತ 2001ರಲ್ಲಿ ಹೇಳಿತು. ಮಾರನೇ ವರ್ಷ ಯುನೆಸ್ಕೋ ನಡೆಸಿದ ಸಭೆಯಲ್ಲಿ ಇಂಥದ್ದಕ್ಕೆ ‘ಓಪನ್ ಎಜುಕೇಷನಲ್ ರಿಸೋರ್ಸಸ್’ ಅನ್ನುವ ಹೆಸರು ಬಂತು. ಕನ್ನಡದಲ್ಲಿ ಮುಕ್ತ ಶೈಕ್ಷಣಿಕ ಸಂಪನ್ಮೂಲ ಅನ್ನುತ್ತಾರೆ. ನಾನು ಇಲ್ಲಿ ಮುಕ್ತ ಪಾಠ ಅಂತಲೇ ಬರೆಯುತ್ತೇನೆ.

ಇಡೀ ಪೇಪರ್ ಬೇಡ, ಒಂದು ವಿಷಯ ಸಾಕು

ಎಲ್ಲರೂ ಎಡವುವುದು ಇಲ್ಲೇ. ಬೇಸಿಗೆ ರಜೆಯಲ್ಲಿ ಇಡೀ ಪೇಪರಿನ ನೋಟ್ಸ್ ಹಾಕಿಬಿಡೋಣ ಅಂತ ಹೊರಡುತ್ತೇವೆ. ಎರಡನೇ ಯುನಿಟ್‌ಗೆ ಬರುವ ಹೊತ್ತಿಗೆ ಮೌಲ್ಯಮಾಪನದ ಕೆಲಸ ಬರುತ್ತದೆ, ಅಲ್ಲಿಗೆ ನಿಂತಿತು.

ಒಂದೇ ಒಂದು ವಿಷಯ ಆರಿಸಿಕೊಳ್ಳಿ. ನೀವು ತುಂಬಾ ಸಲ ಕಲಿಸಿರುವ, ಹುಡುಗರು ಪ್ರತಿ ವರ್ಷ ತಪ್ಪುವ ವಿಷಯ ಆಗಿದ್ದರೆ ಒಳ್ಳೆಯದು. ನಾನು ಆರಿಸಿಕೊಂಡದ್ದು ಬೇಡಿಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಅನ್ನುವ ಪಾಠ. ಮುದ್ರಿಸಿದರೆ ಎಂಟು ಪುಟ, ಜೊತೆಗೆ ಒಂದು ಸಣ್ಣ ವಿಡಿಯೊ, ಹತ್ತು ಪ್ರಶ್ನೆ. ಅಷ್ಟೇ.

ಸಣ್ಣದಾಗಿ ಮಾಡಿ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿ ಸಿಲಬಸ್ ನಿಲ್ಲುವುದಿಲ್ಲ. 2021-22ರಲ್ಲಿ ಹೊಸ ಶಿಕ್ಷಣ ನೀತಿಯ ಹೆಸರಿನಲ್ಲಿ ಎಲ್ಲ ಬದಲಾಯಿತು, ಮತ್ತೆ 2024-25ರಲ್ಲಿ ಮೂರು ವರ್ಷದ ಪದವಿಗೆ ವಾಪಸ್ ಬಂದೆವು. ‘ಎರಡನೇ ಸೆಮಿಸ್ಟರ್, ಯುನಿಟ್ 3’ ಅಂತ ಹೆಸರಿಟ್ಟು ಬರೆದ ನೋಟ್ಸ್ ಎಲ್ಲ ಅವತ್ತೇ ಹಳತಾಯಿತು. ಆದರೆ ಸ್ಥಿತಿಸ್ಥಾಪಕತ್ವ ಎಲ್ಲಿಗೂ ಹೋಗಲಿಲ್ಲ, ಬರೀ ಯುನಿಟ್ ನಂಬರ್ ಬದಲಾಯಿತು. ಹಾಗಾಗಿ ಫೈಲಿಗೆ ವಿಷಯದ ಹೆಸರಿಡಿ, ಸೆಮಿಸ್ಟರ್ ಹೆಸರು ಬೇಡ. ಯಾವ ವಿಶ್ವವಿದ್ಯಾಲಯದ ಯಾವ ಪೇಪರಿಗೆ ಹೊಂದುತ್ತದೆ ಅನ್ನುವುದನ್ನು ಬೇಕಾದರೆ ಬೇರೆ ಒಂದು ಪುಟದಲ್ಲಿ ಬರೆದು ಇಟ್ಟುಕೊಳ್ಳಿ.

ಮೊದಲು ಹುಡುಕಿ

ಬರೆಯಲು ಕೂರುವ ಮೊದಲು ಒಂದು ಸಂಜೆ ಹುಡುಕುವುದಕ್ಕೆ ಇಡಿ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ 2012ರಿಂದ ಪದವಿ ಮಟ್ಟದ ಪಠ್ಯಪುಸ್ತಕಗಳನ್ನು ಮುಕ್ತವಾಗಿ ಕೊಡುತ್ತಿದೆ. ಇಂಗ್ಲಿಷಿನಲ್ಲಿವೆ, ಆದರೆ ಚಿತ್ರ ಮತ್ತು ಲೆಕ್ಕಗಳಿಗೆ ಬಹಳ ಉಪಯೋಗ. ಭೌತಶಾಸ್ತ್ರ, ರಸಾಯನಶಾಸ್ತ್ರದವರಿಗೆ ಕೊಲೊರಾಡೋ ವಿಶ್ವವಿದ್ಯಾಲಯದ ಫೆಟ್ ಪ್ರಯೋಗಗಳಿವೆ. ಪರದೆಯ ಮೇಲೆ ಎಳೆದು ತಿರುಗಿಸಿ ನೋಡುವಂಥವು, ಕೆಲವು ಕನ್ನಡದಲ್ಲೂ ಇವೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಲಿಬ್ರೆಆಫೀಸ್‌ನಂಥ ಸಾಫ್ಟ್‌ವೇರ್ ಕಲಿಸುವ ಪಾಠಗಳು ಕನ್ನಡದ ದನಿಯಲ್ಲಿವೆ. ಕಂಪ್ಯೂಟರ್ ಪೇಪರ್ ಕಲಿಸುವವರು ಅದನ್ನು ನೋಡದೆ ಹೊಸದಾಗಿ ವಿಡಿಯೊ ಮಾಡಲು ಹೋಗಬೇಡಿ. ಮೈಸೂರು ವಿಶ್ವವಿದ್ಯಾಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಲೈಸೆನ್ಸಿನಲ್ಲಿ ಕೊಟ್ಟಿತು. ನಮ್ಮ ಮಟ್ಟಿಗೆ ಅದು ದೊಡ್ಡ ಕೊಡುಗೆ, ಬಳಸುವವರು ಇನ್ನೂ ಜಾಸ್ತಿ ಆಗಬೇಕು. ಶಾಲಾ ಶಿಕ್ಷಕರಿಗಾಗಿ 2013ರಲ್ಲಿ ಶುರುವಾದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಜಾಲವೂ ಇದೆ. ಅದು ಹೈಸ್ಕೂಲು ಮಟ್ಟದ್ದು, ಆದರೆ ಮೊದಲ ವರ್ಷದ ಪದವಿ ಮಕ್ಕಳಿಗೆ ಹಿಂದಿನದನ್ನು ನೆನಪಿಸಲು ಕೆಲಸಕ್ಕೆ ಬರುತ್ತದೆ.

ಸಿಕ್ಕಿದ್ದೆಲ್ಲದರ ಲೈಸೆನ್ಸ್ ನೋಡಿ. ಓಪನ್‌ಸ್ಟ್ಯಾಕ್ಸ್‌ನಲ್ಲೇ ಪುಸ್ತಕದಿಂದ ಪುಸ್ತಕಕ್ಕೆ ಬೇರೆ ಇರುತ್ತದೆ. ಎಂಐಟಿಯದು ವ್ಯಾಪಾರಕ್ಕೆ ಬಳಸಬಾರದು ಅನ್ನುವ ಲೈಸೆನ್ಸ್. ಕೇಂದ್ರ ಸರ್ಕಾರದ ಸ್ವಯಂ ಜಾಲತಾಣದ ಆನ್‌ಲೈನ್ ಕೋರ್ಸನ್ನು ವಿದ್ಯಾರ್ಥಿಗಳಿಗೆ ಧಾರಾಳವಾಗಿ ಹೇಳಿ. ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇಕಡಾ 40ರವರೆಗೆ ಅಲ್ಲಿಂದ ಮಾಡಲು ವಿಶ್ವವಿದ್ಯಾಲಯ ಬಿಡಬಹುದು. ಆದರೆ ಅಲ್ಲಿಯ ವಿಡಿಯೊವನ್ನು ಕತ್ತರಿಸಿ ನಿಮ್ಮದರಲ್ಲಿ ಸೇರಿಸುವ ಮೊದಲು ಕೆಳಗೆ ಏನು ಬರೆದಿದೆ ಅಂತ ಓದಲೇಬೇಕು.

ನಿಮ್ಮ ನೋಟ್ಸ್ ನಿಜವಾಗಿ ನಿಮ್ಮದಾ?

ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹದಿನೈದು ವರ್ಷದಿಂದ ಬೆಳೆಸಿಕೊಂಡು ಬಂದ ನೋಟ್ಸ್‌ನಲ್ಲಿ ಎಷ್ಟು ಪ್ಯಾರಾ ನಮ್ಮದು, ಎಷ್ಟು ಯಾವುದೋ ಪಠ್ಯಪುಸ್ತಕದ್ದು ಅಂತ ನಮಗೇ ನೆನಪಿರುವುದಿಲ್ಲ. ವಿಚಾರಕ್ಕೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ಮಾತಿಗೆ ಇದೆ. ಬೇಡಿಕೆಯ ನಿಯಮ ಯಾರ ಸ್ವತ್ತೂ ಅಲ್ಲ, ಅದನ್ನು ಒಬ್ಬರು ಬರೆದ ವಾಕ್ಯಗಳು ಅವರದ್ದು.

ನಮ್ಮ 1957ರ ಕಾಪಿರೈಟ್ ಕಾಯ್ದೆ ಮೇಷ್ಟ್ರುಗಳಿಗೆ ಒಂದು ಅನುಕೂಲ ಕೊಟ್ಟಿದೆ. ಪಾಠ ಮಾಡುವ ಸಲುವಾಗಿ ಪುಸ್ತಕದ ಭಾಗಗಳ ಪ್ರತಿ ತೆಗೆಯಬಹುದು. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ಪ್ರಕಾಶಕರು ಹಾಕಿದ್ದ ಕೇಸಿನಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಹೇಳಿದ್ದು ಇದನ್ನೇ. ಆದರೆ ಇದು ಕ್ಲಾಸಿನ ಮಟ್ಟಿಗೆ. ಬೇರೆಯವರ ಪ್ಯಾರಾವನ್ನು ನಿಮ್ಮ ಹೆಸರಿನಲ್ಲಿ ಲೋಕಕ್ಕೆಲ್ಲ ಬಿಟ್ಟುಕೊಡುವ ಹಕ್ಕು ಅದರಿಂದ ಬರುವುದಿಲ್ಲ. ಅನುಮಾನ ಇರುವ ಪ್ಯಾರಾ ಸಿಕ್ಕಿದರೆ ಪುಸ್ತಕ ಮುಚ್ಚಿಟ್ಟು, ಕ್ಲಾಸಿನಲ್ಲಿ ಹೇಳುವ ಹಾಗೆ ನಿಮ್ಮ ಮಾತಿನಲ್ಲಿ ಹೊಸದಾಗಿ ಬರೆಯಿರಿ. ನನ್ನ ಅನುಭವದಲ್ಲಿ ಪ್ರತಿ ಸಲವೂ ಹೊಸದೇ ಚೆನ್ನಾಗಿ ಬಂದಿದೆ.

ಗೂಗಲ್‌ನಲ್ಲಿ ಸಿಕ್ಕಿದ ಚಿತ್ರ ಬೇಡವೇ ಬೇಡ. ರೇಖಾಚಿತ್ರವನ್ನು ಲಿಬ್ರೆಆಫೀಸ್‌ನಲ್ಲೋ ಜಿಯೋಜೀಬ್ರಾದಲ್ಲೋ ನೀವೇ ಎಳೆಯಿರಿ, ಅಥವಾ ಬಿಳಿ ಹಾಳೆಯ ಮೇಲೆ ಕೈಯಲ್ಲಿ ಬರೆದು ಬೆಳಕಿನಲ್ಲಿ ಫೋಟೊ ತೆಗೆಯಿರಿ. ಫೋಟೊ ಬೇಕಾದರೆ ಮುಕ್ತ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ನಿಂದ ತೆಗೆದುಕೊಳ್ಳಿ.

ಕನ್ನಡ ಸಾಹಿತ್ಯ ಕಲಿಸುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಬರೆದವರು ತೀರಿಹೋದ ವರ್ಷ ಮುಗಿದಮೇಲೆ 60 ವರ್ಷ ಕಾಪಿರೈಟ್ ಇರುತ್ತದೆ. ಬಿ.ಎಂ.ಶ್ರೀ ತೀರಿಕೊಂಡದ್ದು 1946ರಲ್ಲಿ, ಅವರ ಬರಹ ಈಗ ಎಲ್ಲರದ್ದು. ಬೇಂದ್ರೆಯವರದ್ದು 2041ರ ಕೊನೆಯವರೆಗೆ ಕಾಯಬೇಕು, ಕುವೆಂಪು ಅವರದ್ದು 2054ರ ಕೊನೆಯವರೆಗೆ. ವಚನಗಳು ಯಾರ ಹಿಡಿತದಲ್ಲೂ ಇಲ್ಲ, ಆದರೆ ಇತ್ತೀಚಿನ ಸಂಪಾದಕರು ಬರೆದ ಮುನ್ನುಡಿ, ಟಿಪ್ಪಣಿ ಅವರದ್ದೇ. ಕಾಯಬೇಕಾದ ಪದ್ಯ ಇದ್ದರೆ ಇಡೀ ಪದ್ಯ ಹಾಕಬೇಡಿ. ವಿವರಣೆ ನಿಮ್ಮದು ಹಾಕಿ, ಪದ್ಯ ಯಾವ ಪುಸ್ತಕದಲ್ಲಿದೆ ಅಂತ ತಿಳಿಸಿ.

ಇನ್ನೂ ಒಂದು ಮಾತು, ಇದನ್ನು ತುಂಬಾ ಜನ ಮರೆಯುತ್ತಾರೆ. ಕೆಲಸದ ಭಾಗವಾಗಿ ಬರೆದದ್ದರ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಕೆಲಸ ಕೊಟ್ಟವರದ್ದು ಅಂತ ಅದೇ ಕಾಯ್ದೆ ಹೇಳುತ್ತದೆ. ನಿಮ್ಮ ನೋಟ್ಸ್ ಅದರೊಳಗೆ ಬರುತ್ತದೋ ಇಲ್ಲವೋ ಅಂತ ವಾದ ಮಾಡುತ್ತಾ ಕೂರುವ ಬದಲು ಪ್ರಿನ್ಸಿಪಾಲರಿಗೆ ಒಂದು ಪತ್ರ ಕೊಡಿ: ‘ನಾನು ತಯಾರಿಸಿದ ಪಾಠಗಳನ್ನು ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಮುಕ್ತ ಲೈಸೆನ್ಸಿನಲ್ಲಿ ಪ್ರಕಟಿಸುತ್ತಿದ್ದೇನೆ, ಕಾಲೇಜಿನ ಒಪ್ಪಿಗೆ ಕೋರುತ್ತೇನೆ.’ ಅದರ ಮೇಲೆ ಸಹಿ, ಸೀಲು ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ.

ನುಡಿಯಿಂದ ಯೂನಿಕೋಡ್‌ಗೆ

ಇಡೀ ಕೆಲಸದಲ್ಲಿ ಬಹಳ ಮುಖ್ಯವಾದ ಹೆಜ್ಜೆ ಇದು. ತುಂಬಾ ಜನ ಬಿಡುವ ಹೆಜ್ಜೆಯೂ ಇದೇ.

ನಮ್ಮಲ್ಲಿ ಬಹುಪಾಲು ಹಳೆಯ ನೋಟ್ಸ್ ಇರುವುದು ‘ನುಡಿ’ ಅಥವಾ ‘ಬರಹ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟುಗಳಲ್ಲಿ. ಕಣ್ಣಿಗೆ ಕನ್ನಡ ಕಾಣುತ್ತದೆ, ಆದರೆ ಕಂಪ್ಯೂಟರಿನ ಒಳಗೆ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಫಾಂಟ್ ಇಲ್ಲದ ಕಡೆ ತೆರೆದರೆ ಏನೂ ಓದಲು ಬರುವುದಿಲ್ಲ. ಗೂಗಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಕೆಲವು ವರ್ಷದ ಹಿಂದೆ ನನ್ನ ಕ್ಲಾಸಿನಲ್ಲಿ ಕಣ್ಣು ಕಾಣದ ಒಬ್ಬ ಹುಡುಗ ಇದ್ದ. ಫೋನಿನ ಟಾಕ್‌ಬ್ಯಾಕ್‌ನಲ್ಲಿ ಪಿಡಿಎಫ್ ಓದಿಸಿಕೊಂಡು ಕಲಿಯುತ್ತಿದ್ದ. ನಾನು ಕಳಿಸಿದ ನೋಟ್ಸ್ ತೆರೆದರೆ ಆ ಫೋನು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದುತ್ತಾ ಹೋಯಿತು. ಅವನು ಸ್ಟಾಫ್ ರೂಮಿಗೆ ಬಂದು ನನಗೆ ಅದನ್ನು ಕೇಳಿಸಿದ. ‘ಸಾರ್, ಇದರಲ್ಲಿ ಕನ್ನಡ ಇಲ್ಲ’ ಅಂದ. ಅವತ್ತು ರಾತ್ರಿಯೇ ಕೂತು ಆ ಒಂದು ಪಾಠವನ್ನು ಯೂನಿಕೋಡ್‌ಗೆ, ಅಂದರೆ ಕಂಪ್ಯೂಟರಿನ ಒಳಗೂ ಕನ್ನಡವಾಗಿಯೇ ಇರುವ ಅಕ್ಷರಕ್ಕೆ, ಬದಲಾಯಿಸಿದೆ.

ನಿಮ್ಮದು ಯಾವುದು ಅಂತ ತಿಳಿಯುವುದು ಸುಲಭ. ನೋಟ್ಸಿನ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಅಂಟಿಸಿ. ಕನ್ನಡ ಬಂದರೆ ಯೂನಿಕೋಡ್. ಅರ್ಥವಾಗದ ಇಂಗ್ಲಿಷ್ ಅಕ್ಷರ ಬಂದರೆ ಹಳೆಯ ಫಾಂಟು.

ಬದಲಾಯಿಸುವ ಸಾಧನಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಹಳೆಯ ಪಠ್ಯ ಒಂದು ಕಡೆ ಅಂಟಿಸಿದರೆ ಇನ್ನೊಂದು ಕಡೆ ಯೂನಿಕೋಡ್ ಬರುತ್ತದೆ. ಆದರೆ ಬದಲಾಯಿಸಿದ ತಕ್ಷಣ ಕೆಲಸ ಮುಗಿಯಲಿಲ್ಲ, ಸಾಲು ಸಾಲಾಗಿ ಓದಬೇಕು. ಅರ್ಕಾವೊತ್ತು ಇರುವ ಪದಗಳು ತಪ್ಪುತ್ತವೆ. ‘ಅರ್ಥ’, ‘ಮಾರ್ಗ’ದಂಥವನ್ನು ಹುಡುಕಿ ಹುಡುಕಿ ನೋಡಿ. ನಡುವೆ ಇಂಗ್ಲಿಷ್ ಪದ ಇದ್ದರೆ ಅದು ಕನ್ನಡದ ಕಸವಾಗಿ ಬದಲಾಗಿರುತ್ತದೆ. ಕೋಷ್ಟಕಗಳನ್ನು ಹೊಸದಾಗಿ ಹಾಕುವುದೇ ವಾಸಿ. ಎಂಟು ಪುಟಕ್ಕೆ ನನಗೆ ಎರಡು ಗಂಟೆ ಹಿಡಿಯಿತು.

ಬರೀ ಮುದ್ರಿತ ಪ್ರತಿ ಉಳಿದಿದ್ದರೆ ಚೊಕ್ಕವಾಗಿ ಸ್ಕ್ಯಾನ್ ಮಾಡಿ ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಚಿತ್ರದಲ್ಲಿರುವ ಕನ್ನಡವನ್ನು ಅದು ಅಕ್ಷರವಾಗಿ ಎತ್ತಿಕೊಡುತ್ತದೆ, ಅಚ್ಚು ಸ್ಪಷ್ಟ ಇದ್ದರೆ ಚೆನ್ನಾಗಿಯೇ ಬರುತ್ತದೆ. ಕೈಬರಹ ಇದ್ದರೆ ಅದನ್ನು ನಂಬಬೇಡಿ. ಟೈಪ್ ಮಾಡಲು ಬಾರದ ಹಿರಿಯ ಮೇಷ್ಟ್ರುಗಳಿಗೆ ನಾನು ಹೇಳುವುದು ಇಷ್ಟೇ: ಫೋನಿನ ಗೂಗಲ್ ಕೀಬೋರ್ಡಿನಲ್ಲಿ ಮೈಕ್ ಗುಂಡಿ ಒತ್ತಿ ಕನ್ನಡದಲ್ಲಿ ಪಾಠ ಹೇಳಿ, ಅದೇ ಬರೆದುಕೊಳ್ಳುತ್ತದೆ. ಆಮೇಲೆ ಒಬ್ಬ ವಿದ್ಯಾರ್ಥಿಯ ಜೊತೆ ಕೂತು ತಿದ್ದಿ.

ಫಾಂಟ್ ನೋಟೋ ಸಾನ್ಸ್ ಕನ್ನಡ ಅಥವಾ ನೋಟೋ ಸೆರಿಫ್ ಕನ್ನಡ ಇಟ್ಟುಕೊಳ್ಳಿ. ಎರಡೂ ಮುಕ್ತ ಫಾಂಟುಗಳೇ. ತಲೆಬರಹಗಳನ್ನು ಸುಮ್ನೆ ದಪ್ಪ ಮಾಡಿ ಬಿಡಬೇಡಿ, ಸ್ಟೈಲ್‌ನಲ್ಲಿ ‘ಹೆಡಿಂಗ್’ ಅಂತ ಆರಿಸಿ. ಆಗ ಪರದೆ ಓದುವ ಸಾಫ್ಟ್‌ವೇರ್ ಬಳಸುವವರು ಒಂದು ತಲೆಬರಹದಿಂದ ಇನ್ನೊಂದಕ್ಕೆ ಹಾರಬಹುದು. ಚಿತ್ರದ ಕೆಳಗೆ ಅದರಲ್ಲಿ ಏನಿದೆ ಅಂತ ಎರಡು ಸಾಲು ಬರೆಯಿರಿ. ಕೊನೆಗೆ ಎರಡು ಫೈಲ್ ಮಾಡಿ: ಓದಲು ಪಿಡಿಎಫ್, ತಿದ್ದಲು ವರ್ಡ್ ಅಥವಾ ಲಿಬ್ರೆಆಫೀಸ್ ಫೈಲ್. ಬರೀ ಪಿಡಿಎಫ್ ಕೊಟ್ಟು ‘ತಿದ್ದಿಕೊಳ್ಳಿ’ ಅಂದರೆ ಅದು ಬಾಯಿಮಾತಾಯಿತು. ಇನ್ನೊಬ್ಬರಿಗೆ ತಿದ್ದಲು ಬರಬೇಕು, ನಾವು ಇಷ್ಟೆಲ್ಲ ಮಾಡುವುದೇ ಅದಕ್ಕಲ್ವಾ?

ಮೇಷ್ಟ್ರು ಪಕ್ಕದಲ್ಲಿ ಇಲ್ಲದವರಿಗಾಗಿ ಬರೆಯಿರಿ

ಕ್ಲಾಸಿನ ನೋಟ್ಸ್ ನಿಮ್ಮ ಮಾತಿನ ಜೊತೆ ನಿಂತಿರುತ್ತದೆ. ಊರಿಗೆ ಕೊಟ್ಟ ನೋಟ್ಸ್ ತಾನೇ ನಿಲ್ಲಬೇಕು. ನಾನು ಮಾಡಿದ್ದು ಹೀಗೆ. ಮೊದಲು ವ್ಯಾಖ್ಯೆ ಕೊಡಲಿಲ್ಲ, ಒಂದು ಲೆಕ್ಕ ಕೊಟ್ಟೆ. ಕಾಲೇಜಿನ ಕ್ಯಾಂಟೀನಿನಲ್ಲಿ ಮಸಾಲೆ ದೋಸೆ 40 ರೂಪಾಯಿ ಇದ್ದಾಗ ದಿನಕ್ಕೆ 200 ಹೋಗುತ್ತಿತ್ತು. 50 ಮಾಡಿದಮೇಲೆ 120ಕ್ಕೆ ಇಳಿಯಿತು ಅಂದುಕೊಳ್ಳಿ. ಬೆಲೆ ಶೇಕಡಾ 25 ಏರಿತು, ಮಾರಾಟ ಶೇಕಡಾ 40 ಬಿತ್ತು. ಈಗ ಪಕ್ಕದ ಕಿರಾಣಿ ಅಂಗಡಿ. ಉಪ್ಪಿನ ಪ್ಯಾಕೆಟ್ 20ರಿಂದ 25 ರೂಪಾಯಿ ಆಯಿತು. ಇಲ್ಲೂ ಏರಿದ್ದು ಶೇಕಡಾ 25. ಆದರೆ 100 ಪ್ಯಾಕೆಟ್ ಹೋಗುತ್ತಿದ್ದದ್ದು 98 ಆಯಿತು, ಅಂದರೆ ಬಿದ್ದದ್ದು ಬರೀ ಶೇಕಡಾ 2. ಒಂದೇ ಏರಿಕೆ, ಆದರೆ ಯಾಕೆ ಹೀಗೆ? ಇಲ್ಲಿ ನಿಲ್ಲಿಸಿ ಓದುವವರಿಗೆ ಯೋಚಿಸಲು ಬಿಡಿ. ಆಮೇಲೆ ಭಾಗಿಸಿ ತೋರಿಸಿ: ದೋಸೆಗೆ 1.6, ಉಪ್ಪಿಗೆ 0.08. ಆಮೇಲೆ ಈ ಸಂಖ್ಯೆಗೆ ಹೆಸರು ಹೇಳಿ: ಬೆಲೆ ಸ್ಥಿತಿಸ್ಥಾಪಕತ್ವ, ಪ್ರೈಸ್ ಇಲಾಸ್ಟಿಸಿಟಿ. ಮೈನಸ್ ಚಿಹ್ನೆಯನ್ನು ಯಾಕೆ ಬಿಟ್ಟೆವು ಅನ್ನುವುದನ್ನೂ ಹೇಳಿ, ಪರೀಕ್ಷೆಯಲ್ಲಿ ಕೇಳುತ್ತಾರೆ.

ಎರಡೂ ಹೆಸರು ಹೇಳಲೇಬೇಕು ಅಂತ ನನ್ನ ಅಭಿಪ್ರಾಯ. ಕನ್ನಡದ ಪದ ಮಾತ್ರ ಗೊತ್ತಿದ್ದ ನಮ್ಮ ಹುಡುಗಿಯರು ಎಂ.ಎ.ಗೆ ಹೋಗಿ ಮೊದಲ ತಿಂಗಳು ಕಷ್ಟಪಟ್ಟದ್ದನ್ನು ನೋಡಿದ್ದೇನೆ. ಹಾಗಂತ ಇಂಗ್ಲಿಷ್ ಪದ ಮಾತ್ರ ತುರುಕಿದರೆ ಬಿ.ಎ.ಯಲ್ಲೇ ಅರ್ಥ ಆಗುವುದಿಲ್ಲ.

ಪ್ರಶ್ನೆಗಳಿಗೆ ಉತ್ತರವನ್ನೂ ಕೊಡಿ. ಬರೀ ಉತ್ತರ ಅಲ್ಲ, ಹುಡುಗರು ಸಾಮಾನ್ಯವಾಗಿ ಮಾಡುವ ತಪ್ಪು ಯಾವುದು ಅಂತಲೂ ಬರೆಯಿರಿ. ಅದು ನಿಮಗೆ ಮಾತ್ರ ಗೊತ್ತಿರುವ ವಿಷಯ, ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ವಿಡಿಯೊ

ಹತ್ತು ನಿಮಿಷ ಮೀರಬೇಡಿ. 50 ನಿಮಿಷದ ಕ್ಲಾಸನ್ನು ಹಾಗೇ ಚಿತ್ರೀಕರಿಸಿ ಹಾಕಿದರೆ ಯಾರೂ ಪೂರ್ತಿ ನೋಡುವುದಿಲ್ಲ.

ಕ್ಯಾಮೆರಾಗಿಂತ ದನಿ ಮುಖ್ಯ. ಇಯರ್‌ಫೋನಿನ ಮೈಕ್ ಸಾಕು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಬೆಳಗ್ಗೆ ಐದೂವರೆಗೆ ಮಾಡಿ. ಬರೆದು ತೋರಿಸುವ ಪಾಠ ಇದ್ದರೆ ಪುಸ್ತಕಗಳನ್ನು ಎರಡು ಕಡೆ ಪೇರಿಸಿ, ಮೇಲೆ ಒಂದು ಸ್ಕೇಲು ಅಡ್ಡ ಇಟ್ಟು, ಫೋನನ್ನು ಅದರ ಮೇಲೆ ಕವುಚಿ ಮಲಗಿಸಿ. ಕೆಳಗಿನ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತಾ ಮಾತಾಡಿ. ಸ್ಲೈಡ್ ತೋರಿಸಬೇಕಾದರೆ ಕಂಪ್ಯೂಟರಿನಲ್ಲಿ ಪರದೆ ರೆಕಾರ್ಡ್ ಮಾಡುವ ಒಬಿಎಸ್ ಸ್ಟುಡಿಯೊ, ದನಿ ಸರಿಮಾಡಲು ಆಡಾಸಿಟಿ. ಎರಡೂ ಪುಕ್ಕಟೆ.

ಮುಖ ತೋರಿಸಲೇಬೇಕು ಅಂತೇನೂ ಇಲ್ಲ. ಆದರೆ ವಿದ್ಯಾರ್ಥಿಗಳ ಮುಖ, ದನಿ ಬಂದರೆ ಅವರ ಒಪ್ಪಿಗೆಯನ್ನು ಬರೆಸಿಕೊಳ್ಳಿ.

ಎಲ್ಲರ ಬಳಿ ಡೇಟಾ ಇರುವುದಿಲ್ಲ. ಅದೇ ಪಾಠದ ದನಿಯನ್ನು ಮಾತ್ರ 64 ಕೆಬಿಪಿಎಸ್ ಎಂಪಿ3 ಮಾಡಿ ಕೊಡಿ, ಹತ್ತು ನಿಮಿಷಕ್ಕೆ 5 ಎಂಬಿಗಿಂತ ಕಡಿಮೆ. ಬಸ್ಸಿನಲ್ಲಿ ದಿನಾ ಒಂದು ಗಂಟೆ ಓಡಾಡುವ ಹುಡುಗಿಯರು ವಿಡಿಯೊಗಿಂತ ಇದನ್ನೇ ಜಾಸ್ತಿ ಕೇಳುತ್ತಾರೆ.

ಲೈಸೆನ್ಸ್ ಹಾಕುವುದು

ಮುಕ್ತ ಪಾಠಕ್ಕೆ ಹಾಕಲು ಸಿದ್ಧವಾಗಿ ಸಿಗುವ ಲೈಸೆನ್ಸ್‌ಗಳು ಕ್ರಿಯೇಟಿವ್ ಕಾಮನ್ಸ್, ಚಿಕ್ಕದಾಗಿ ಸಿಸಿ. ಅವುಗಳಲ್ಲಿ ನಾಲ್ಕು ತುಂಡುಗಳಿವೆ. ‘ಬೈ’ ಅಂದರೆ ಬರೆದವರ ಹೆಸರು ಹೇಳಬೇಕು. ‘ಎಸ್ಎ’ ಅಂದರೆ ತಿದ್ದಿ ಹಂಚುವವರು ಅದೇ ಲೈಸೆನ್ಸಿನಲ್ಲೇ ಹಂಚಬೇಕು. ‘ಎನ್‌ಸಿ’ ಅಂದರೆ ವ್ಯಾಪಾರ ಮಾಡುವ ಹಾಗಿಲ್ಲ. ‘ಎನ್‌ಡಿ’ ಅಂದರೆ ತಿದ್ದಿದ್ದನ್ನು ಹಂಚುವ ಹಾಗಿಲ್ಲ. ಇವನ್ನು ಸೇರಿಸಿ ಆರು ಲೈಸೆನ್ಸ್ ಮಾಡಿದ್ದಾರೆ.

ನಾನು ಹೇಳುವುದು ಸಿಸಿ ಬೈ-ಎಸ್ಎ 4.0. ಮೊದಲು ಎಲ್ಲರಿಗೂ ಎನ್‌ಸಿ ಹಾಕುವ ಮನಸ್ಸು ಬರುತ್ತದೆ: ‘ನನ್ನ ನೋಟ್ಸ್ ಮಾರಿ ಯಾರೋ ದುಡ್ಡು ಮಾಡಿದರೆ?’ ಅಂತ. ಯೋಚನೆ ಸರಿಯೇ. ಆದರೆ ಪುಟಕ್ಕೆ ಒಂದು ರೂಪಾಯಿ, ಎರಡು ರೂಪಾಯಿ ಇಸಿದುಕೊಂಡು ಜೆರಾಕ್ಸ್ ಮಾಡಿಕೊಡುವ ಅಂಗಡಿಯವರದ್ದು ವ್ಯಾಪಾರವಾ? ಅವರಿಲ್ಲದೆ ಹಳ್ಳಿಯಿಂದ ಬರುವ ಹುಡುಗನಿಗೆ ನಿಮ್ಮ ನೋಟ್ಸ್ ತಲುಪುವುದೇ ಇಲ್ಲ. ಎನ್‌ಸಿ ಹಾಕಿದ್ದನ್ನು ವಿಕಿಪೀಡಿಯ, ವಿಕಿಮೀಡಿಯ ಕಾಮನ್ಸ್ ತೆಗೆದುಕೊಳ್ಳುವುದೂ ಇಲ್ಲ. ಗೈಡ್ ಮಾಡುವ ಪ್ರಕಾಶಕರ ಭಯ ಇದ್ದರೆ ಅದಕ್ಕೆ ಎಸ್ಎ ಇದೆ. ಅವರು ನಿಮ್ಮದನ್ನು ತಿದ್ದಿ ಸೇರಿಸಿಕೊಂಡರೆ ಹಾಗೆ ಮಾಡಿದ್ದನ್ನೂ ಮುಕ್ತವಾಗಿಯೇ ಕೊಡಬೇಕು, ನಿಮ್ಮ ಹೆಸರನ್ನೂ ಹಾಕಬೇಕು. ಇನ್ನು ಎನ್‌ಡಿ ನಮ್ಮ ಕೆಲಸಕ್ಕೆ ಬರುವುದಿಲ್ಲ. ಸಿಲಬಸ್ ಬದಲಾದಾಗ ತಿದ್ದಿದ್ದನ್ನು ಹಂಚಲು ಆಗದ ನೋಟ್ಸ್ ಯಾರಿಗೆ ಬೇಕು?

ಒಂದು ಎಚ್ಚರಿಕೆ. ಒಮ್ಮೆ ಕೊಟ್ಟ ಲೈಸೆನ್ಸನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಮುಂದೆ ಅದೇ ಬರಹವನ್ನು ಪುಸ್ತಕ ಮಾಡಿ ಪ್ರಕಾಶಕರಿಗೆ ಕೊಡುವ ಯೋಚನೆ ಇದ್ದರೆ ಮೊದಲೇ ಅವರ ಜೊತೆ ಮಾತಾಡಿ.

ಮೊದಲ ಪುಟದಲ್ಲೇ ಹೀಗೆ ಬರೆಯಿರಿ: ‘ಬೇಡಿಕೆಯ ಸ್ಥಿತಿಸ್ಥಾಪಕತ್ವ. ಬರೆದವರು: ನಿಮ್ಮ ಹೆಸರು. ಆವೃತ್ತಿ 1, ತಿಂಗಳು, ವರ್ಷ. ಕ್ರಿಯೇಟಿವ್ ಕಾಮನ್ಸ್ ಬೈ-ಎಸ್ಎ 4.0 ಲೈಸೆನ್ಸಿನಲ್ಲಿದೆ. ಹೆಸರು ಹೇಳಿ ಬಳಸಬಹುದು, ತಿದ್ದಬಹುದು, ಹಂಚಬಹುದು. ತಿದ್ದಿದ್ದನ್ನು ಇದೇ ಲೈಸೆನ್ಸಿನಲ್ಲಿ ಹಂಚಬೇಕು.’ ಪಕ್ಕದಲ್ಲಿ ಲೈಸೆನ್ಸ್ ಪುಟದ ಕೊಂಡಿ ಹಾಕಿ. ಬೇರೆಯವರ ಚಿತ್ರ ಬಳಸಿದ್ದರೆ ಅದರ ಹೆಸರು, ಮಾಡಿದವರು, ಸಿಕ್ಕ ಜಾಗ, ಲೈಸೆನ್ಸ್, ಈ ನಾಲ್ಕನ್ನೂ ಚಿತ್ರದ ಕೆಳಗೆ ಕೊಡಿ.

ಎಲ್ಲಿ ಇಡಬೇಕು

2020ರ ಲಾಕ್‌ಡೌನಿನಲ್ಲಿ ನಾನು ನಲವತ್ತು ಚಿಲ್ಲರೆ ಪಾಠ ರೆಕಾರ್ಡ್ ಮಾಡಿದ್ದೆ. ಎಲ್ಲವನ್ನೂ ಆಗ ಕೊಟ್ಟಿದ್ದ ಒಂದು ಆನ್‌ಲೈನ್ ಖಾತೆಯಲ್ಲಿ ಇಟ್ಟಿದ್ದೆ. ಎರಡು ವರ್ಷದ ಮೇಲೆ ಆ ಖಾತೆ ಮುಚ್ಚಿಹೋಯಿತು, ಪಾಠಗಳೂ ಹೋದವು. ಮನೆಯವರೆಲ್ಲ ಮಲಗಿದಮೇಲೆ ಅಡುಗೆಮನೆಯಲ್ಲಿ ಕೂತು ಮಾಡಿದ್ದ ಪಾಠಗಳು ಅವು. ಇವತ್ತಿಗೂ ನೆನೆಸಿಕೊಂಡರೆ ಸಂಕಟ ಆಗುತ್ತದೆ. ಹಾಗಾಗಿ ಎರಡು ಕಡೆಗಿಂತ ಕಡಿಮೆ ಇಡಲೇಬೇಡಿ. ಒಂದು ಪ್ರತಿ ಸದಾ ನಿಮ್ಮ ಹಾರ್ಡ್ ಡಿಸ್ಕಿನಲ್ಲಿ ಇರಲಿ.

ಗೂಗಲ್ ಡ್ರೈವ್ ಕೊಂಡಿ ಒಂದನ್ನೇ ನಂಬಬೇಡಿ. ಎಷ್ಟೋ ಸಲ ತೆರೆದರೆ ‘ಅನುಮತಿ ಕೇಳಿ’ ಅಂತ ಬರುತ್ತದೆ, ಕೊಡುವವರು ಯಾವಾಗಲೋ ನಿವೃತ್ತರಾಗಿರುತ್ತಾರೆ. ಕಾಲೇಜಿನ ಆನ್‌ಲೈನ್ ಪಾಠದ ತಾಣ ಮೂಡಲ್‌ನಲ್ಲಿ ಹಾಕಿ, ನಿಮ್ಮ ವಿದ್ಯಾರ್ಥಿಗಳಿಗೆ ಅನುಕೂಲ. ಆದರೆ ಅದು ಪಾಸ್‌ವರ್ಡ್ ಒಳಗಿದ್ದರೆ ಪಕ್ಕದ ತಾಲ್ಲೂಕಿನವರಿಗೆ ಕಾಣುವುದಿಲ್ಲ.

ನಾನು ಪಿಡಿಎಫ್ ಮತ್ತು ತಿದ್ದುವ ಫೈಲನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ಇಡುತ್ತೇನೆ. ಝೆನೋಡೋ ಇನ್ನೊಂದು ಒಳ್ಳೆಯ ಜಾಗ. ಯುರೋಪಿನ ಸರ್ನ್ ಸಂಸ್ಥೆ ನಡೆಸುತ್ತದೆ, ಪುಕ್ಕಟೆ, ಹಾಕಿದ್ದಕ್ಕೆ ಡಿಒಐ ಅನ್ನುವ ಕಾಯಂ ಗುರುತಿನ ನಂಬರ್ ಕೂಡ ಕೊಡುತ್ತದೆ. ಯುಜಿಸಿಯ 2018ರ ನಿಯಮಗಳಲ್ಲಿ ಇ-ಕಂಟೆಂಟ್ ತಯಾರಿಸುವುದಕ್ಕೆ ಅಂಕ ಇದೆ. ವಿಡಿಯೊ, ಬರಹ, ಚರ್ಚೆ, ಪರೀಕ್ಷೆ ಅನ್ನುವ ನಾಲ್ಕು ಭಾಗಗಳಿರಬೇಕು ಅನ್ನುತ್ತಾರೆ. ಬಡ್ತಿಯ ಅರ್ಜಿ ತುಂಬುವಾಗ ಡಿಒಐ ಇರುವ ದಾಖಲೆ ಕೈಯಲ್ಲಿದ್ದರೆ ತೋರಿಸುವುದು ಸುಲಭ. ವಿಡಿಯೊ ಯೂಟ್ಯೂಬ್‌ಗೆ ಹಾಕುವಾಗ ಲೈಸೆನ್ಸ್ ಅನ್ನುವ ಜಾಗದಲ್ಲಿ ಕ್ರಿಯೇಟಿವ್ ಕಾಮನ್ಸ್ ಅಂತ ಆರಿಸಬಹುದು. ಅಲ್ಲಿ ಸಿಗುವುದು ‘ಬೈ’ ಮಾತ್ರ, ಎಸ್ಎ ಇಲ್ಲ, ಅದು ಗೊತ್ತಿರಲಿ. ವಿಕಿಮೀಡಿಯ ಕಾಮನ್ಸ್‌ಗೆ ಹಾಕುವವರು ವಿಡಿಯೊವನ್ನು ವೆಬ್ಎಂ ಮಾಡಬೇಕು, ಅದು ಎಂಪಿ4 ತೆಗೆದುಕೊಳ್ಳುವುದಿಲ್ಲ.

ಹೆಸರು ಮತ್ತು ವಿವರಣೆಯನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ. ‘ಯುನಿಟ್ 3 ಫೈನಲ್ ಹೊಸದು’ ಅಂತ ಹೆಸರಿಟ್ಟ ಫೈಲನ್ನು ಯಾರು ತಾನೇ ಹುಡುಕಿಯಾರು?

ಹುಡುಗರ ಕೈಗೂ ಕೆಲಸ ಕೊಡಿ

ಬೆಂಗಳೂರಿನ ಕ್ರೈಸ್ಟ್, ಮೂಡುಬಿದಿರೆಯ ಆಳ್ವಾಸ್‌ನಲ್ಲಿ ವಿದ್ಯಾರ್ಥಿಗಳಿಂದ ಕನ್ನಡ ವಿಕಿಯೋಜನೆಗಳಲ್ಲಿ ಬರೆಸಿದ್ದಾರೆ. ನಾನೂ ಇಂಟರ್ನಲ್ಸ್‌ಗೆ ಒಂದು ಸಲ ಇದನ್ನು ಇಟ್ಟೆ. ಒಬ್ಬೊಬ್ಬರೂ ಕನ್ನಡ ವಿಕಿಪೀಡಿಯದ ಒಂದು ಅರ್ಥಶಾಸ್ತ್ರದ ಲೇಖನಕ್ಕೆ ಮೂರು ಪ್ಯಾರಾ ಸೇರಿಸಬೇಕು, ಪ್ರತಿ ಪ್ಯಾರಾಕ್ಕೂ ಒಂದು ಆಧಾರ ಕೊಡಬೇಕು. ಮೊದಲು ಪ್ರಯೋಗಪುಟದಲ್ಲಿ ಬರೆಸಿ, ಓದಿ ನೋಡಿದಮೇಲೆ ಲೇಖನಕ್ಕೆ ಹಾಕಿಸಿ. ಗೂಗಲ್ ಅನುವಾದ ಅಂಟಿಸುವುದನ್ನು ಮೊದಲ ದಿನವೇ ತಡೆಯಿರಿ. ಹಾಗೆ ಹಾಕಿದರೆ ಅಲ್ಲಿಯ ಸ್ವಯಂಸೇವಕರಿಗೆ ತೆಗೆಯುವ ಕೆಲಸ, ನಮಗೆ ಕೆಟ್ಟ ಹೆಸರು.

ಇನ್ನೂ ಸುಲಭದ ದಾರಿ ಬೇಕಾ? ನಿಮ್ಮ ನೋಟ್ಸನ್ನು ಐದು ಜನಕ್ಕೆ ಕೊಡಿ, ಅರ್ಥವಾಗದ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಲು ಹೇಳಿ. ಮೂರು ಜನ ಒಂದೇ ಸಾಲಿಗೆ ಗೆರೆ ಎಳೆದಿದ್ದರೆ ಆ ಸಾಲನ್ನು ಬದಲಾಯಿಸಿ, ಆವೃತ್ತಿ 2 ಅಂತ ಹಾಕಿ. ಹೊಸ ಆವೃತ್ತಿಯ ಒಂದು ಮುದ್ರಿತ ಪ್ರತಿ ಲೈಬ್ರರಿಗೆ, ಒಂದು ಜೆರಾಕ್ಸ್ ಅಂಗಡಿಗೆ ಕೊಡಿ. ಹಳೆಯ ಮಸುಕು ಪ್ರತಿಯನ್ನು ಅಂಗಡಿಯವರಿಂದ ಕೇಳಿ ವಾಪಸ್ ತೆಗೆದುಕೊಳ್ಳಿ.

ಯಾರಾದರೂ ನಿಮ್ಮದನ್ನು ತಿದ್ದಿ ಬಳಸಿದರೆ ಅದನ್ನು ಎಲ್ಲಿ ಇಟ್ಟಿದ್ದಾರೆ ಅಂತ ಕೇಳಿ, ನಿಮ್ಮ ಪುಟದಲ್ಲೂ ಅದರ ಕೊಂಡಿ ಹಾಕಿ. ಹೋದ ವರ್ಷ ಕಲಬುರಗಿ ಕಡೆಯ ಅತಿಥಿ ಉಪನ್ಯಾಸಕಿಯೊಬ್ಬರು ನನ್ನ ಎಂಟು ಪುಟವನ್ನು ತಮ್ಮ ಕ್ಲಾಸಿಗೆ ಒಗ್ಗಿಸಿಕೊಂಡು ನನಗೆ ಕಳಿಸಿದರು. ಮಸಾಲೆ ದೋಸೆ ತೆಗೆದು ಸುಸಲಾ-ಮಿರ್ಚಿ ಹಾಕಿದ್ದರು, ಲೆಕ್ಕದಲ್ಲಿ ನಾನು ಬಿಟ್ಟಿದ್ದ ಒಂದು ಹಂತವನ್ನು ಸೇರಿಸಿದ್ದರು, ಕೊನೆಗೆ ನಾಲ್ಕು ಹೊಸ ಪ್ರಶ್ನೆ ಬರೆದಿದ್ದರು. ಆ ಹಂತವನ್ನು ಆವೃತ್ತಿ 3ಕ್ಕೆ ಸೇರಿಸಿಕೊಂಡು ನನ್ನ ಹೆಸರಿನ ಕೆಳಗೆ ಅವರ ಹೆಸರನ್ನೂ ಹಾಕಿದೆ. ಈಗ ನಮ್ಮ ಕ್ಲಾಸಿನ ಹುಡುಗರು ಅವರ ನಾಲ್ಕು ಪ್ರಶ್ನೆಗಳನ್ನೂ ಬಿಡಿಸುತ್ತಿದ್ದಾರೆ.